ಹಳೆಯ ಹಾಡನ್ನು ಹೊಸ ತಂತಿಗೆ ಕೂಡಿಸುವದು ನ್ಯಾಯವೋ?



ಒಬ್ಬರು ಹಾಡುವರು, ಇನ್ನೊಬ್ಬರು ಪಕ್ಕದಲ್ಲಿ ಕೂತು ಗಿಟಾರು ನುಡಿಸುವರು. ಮೊದಲು ಒಂದು ಹಳೆಯ ತತ್ವಪದ, ಅದರ ಬೆನ್ನಿಗೆ ನಿನ್ನೆ ಮೊನ್ನೆ ಕಟ್ಟಿದ ಒಂದು ಹಾಡು, ತರುವಾಯ ಅಜ್ಜಿಯರ ಬೀಸುಕಲ್ಲಿನ ಪದವನ್ನು ಹೊಸ ಧಾಟಿಗೆ ತಿರುಗಿಸಿದ್ದು. ಇಂಥ ಗಾಯನವು ಮೊದಲು ದೊಡ್ಡ ಪಟ್ಟಣಗಳ ಸಂಗತಿಯಾಗಿತ್ತು. ಈಗಲಾದರೋ ಮೊಬಾಯಿಲಿನ ಮೂಲಕವಾಗಿ ನೇಸರಗಿಯ ಸಂತೆಗೆ ಬರುವ ಹುಡುಗನ ಕಿವಿಗೂ ಅದು ಮುಟ್ಟಿದೆ. ನಮ್ಮ ಸಭೆಗಳ ಯೌವನಸ್ಥರು ಕ್ರಿಸ್ಮಸಿಗೂ ಸುಗ್ಗಿಯ ಹಬ್ಬಕ್ಕೂ ಹಾಗೆಯೇ ಹಾಡಬೇಕೆಂದು ಆಶೆಪಡುತ್ತಾರೆ. ಹಿರಿಯರು ಕೇಳಿ, ಇದು ಹಾಡೋ ಹುಡುಗಾಟವೋ ಎಂದು ಮುಖ ತಿರುಗಿಸುತ್ತಾರೆ.

ಇದು ಬರೇ ರುಚಿಯ ಮಾತಾಗಿದ್ದರೆ, ಒಬ್ಬನಿಗೆ ಬೆಲ್ಲ, ಇನ್ನೊಬ್ಬನಿಗೆ ಖಾರ ಎಂದು ಹೇಳಿ ಸುಮ್ಮನಿರಬಹುದಾಗಿತ್ತು. ಆದರೆ ಹಳೆಯ ಹಾಡು ಹಾಡುವವನ ಸ್ವಂತ ಸೊತ್ತಲ್ಲ. ಅದನ್ನು ಅವನು ಕಟ್ಟಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಸತ್ತವರ ಕೈಯಿಂದ ಅವನಿಗೆ ಬಂತು, ಹುಟ್ಟಲಿರುವವರ ಕೈಗೆ ಹೋಗಬೇಕಾಗಿದೆ. ಪರರ ಸೊತ್ತಿನ ವಿಷಯದಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂಬದು ನ್ಯಾಯದ ಪ್ರಶ್ನೆಯೇ ಸರಿ. ಆದದರಿಂದ ನಾವು ಇದನ್ನು ಸ್ವಲ್ಪ ನಿಧಾನವಾಗಿ ಆಲೋಚಿಸೋಣ.

ಹಿರಿಯರು ಹೇಳುವದೇನಂದರೆ, ಹಳೆಯದನ್ನು ಮುಟ್ಟಬಾರದು. ಗಿಟಾರು ಪರದೇಶದ ವಾದ್ಯ. ಆರಾಧನೆಗೂ ಭಕ್ತಿಯ ಪದಕ್ಕೂ ಅದು ಒಗ್ಗುವದಿಲ್ಲ. ಈ ಮಾತನ್ನು ಗೌರವದಿಂದ ತೂಗಿ ನೋಡಬೇಕು. ನಮ್ಮ ಸಭೆಗಳಲ್ಲಿ ಹಳೆಯ ವಾದ್ಯವೆಂದು ಎಣಿಸಲ್ಪಡುವದು ಯಾವದು? ಹಾರ್ಮೋನಿಯಮ್ ಪೇಟಿಯೇ. ಅದು ಎಲ್ಲಿಯದು? ೧೮೪೦ರ ದಶಕದಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ದೆಬೇನ್ ಎಂಬವನು ಅದಕ್ಕೆ ಹಕ್ಕುಪತ್ರವನ್ನು ಪಡೆದನು; ಮಿಶನರಿಗಳ ಸಂಗಡ ಅದು ಈ ದೇಶಕ್ಕೆ ಬಂತು; ತರುವಾಯ ಕಲಕತ್ತೆಯ ಕುಶಲರು ಅದನ್ನು ನೆಲದ ಮೇಲೆ ಕೂತು ಒಂದು ಕೈಯಿಂದ ಗಾಳಿ ಹಾಕಿ ನುಡಿಸುವ ಹಾಗೆ ಚಿಕ್ಕದು ಮಾಡಿದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ನಮ್ಮ ರಾಗದ ನಡಿಗೆ ಅದಕ್ಕೆ ಬಾರದೆಂಬ ಆಕ್ಷೇಪದಿಂದ ಅಖಿಲ ಭಾರತ ಆಕಾಶವಾಣಿಯು ೧೯೪೦ರಲ್ಲಿ ಅದನ್ನು ನಿಷೇಧಿಸಿತು. ಆ ನಿಷೇಧವು ಸಡಿಲವಾದದ್ದು ಸುಮಾರು ಮೂವತ್ತು ವರುಷಗಳ ತರುವಾಯವೇ. ಇಂದು ಗಿಟಾರಿಗೆ ಹೇಳುವ ದೋಷವನ್ನೆಲ್ಲಾ ಅಂದು ಪೇಟಿಗೆ ಹೇಳಿದರು. ಆದರೂ ಈ ಹೊತ್ತು ಪೇಟಿಯಿಲ್ಲದ ಭಜನೆಯನ್ನು ನಮ್ಮ ಹಿರಿಯರು ಒಪ್ಪುವರೇ?

ಇನ್ನೂ ಒಂದು ದೃಷ್ಟಾಂತ ಉಂಟು. ಕ್ರಿಸ್ಮಸ್ ರಾತ್ರಿಯಲ್ಲಿ ನಾವು ಕನ್ನಡದಲ್ಲಿ ಹಾಡುವ ‘ಶಾಂತ ರಾತ್ರಿ’ ಎಂಬ ಗೀತವನ್ನು ಅರಿಯದ ಕೂಸು ನಮ್ಮ ಸಭೆಗಳಲ್ಲಿ ಇಲ್ಲ. ಅದು ಮೊದಲು ಹೇಗೆ ಹಾಡಲ್ಪಟ್ಟಿತು? ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗಿನ ಹತ್ತಿರ ಓಬರ್ನ್‌ಡಾರ್ಫ್ ಎಂಬ ಊರು. ಅಲ್ಲಿ ಯೋಸೆಫ್ ಮೋರ್ ಎಂಬವನು ಸಹಾಯಕ ಪಾದ್ರಿಯಾಗಿದ್ದನು. ೧೮೧೬ರಲ್ಲಿ ಅವನು ಬರೆದ ಪದ್ಯಕ್ಕೆ ನೆರೆಯೂರಿನ ಶಾಲಾಮಾಸ್ತರನಾದ ಫ್ರಾನ್ಸ್ ಗ್ರೂಬರನು ರಾಗ ಕೂಡಿಸಿದನು. ೧೮೧೮ನೇ ದಶಂಬರ ೨೪ರಲ್ಲಿ ಆ ಊರಿನ ದೇವಾಲಯದಲ್ಲಿ ಮೋರನು ಗಿಟಾರು ನುಡಿಸುತ್ತಾ ಮೇಲಿನ ಧ್ವನಿಯನ್ನು ಹಾಡಿದನು, ಗ್ರೂಬರನು ಕೆಳಗಿನ ಧ್ವನಿಯನ್ನು ಹಾಡಿದನು. ಇಬ್ಬರು ಮನುಷ್ಯರು, ಒಂದು ಗಿಟಾರು! ನಾವು ಬಹು ಪುರಾತನವೆಂದು ಎಣಿಸಿ ಪೇಟಿಯ ಸಂಗಡ ಹಾಡುವ ಗೀತವು ಈ ರೀತಿಯಾಗಿ ಹುಟ್ಟಿತು. ಆಗಿನ ರಾಗವಾದರೂ ಈಗಿನದಕ್ಕಿಂತ ಹೆಚ್ಚು ಲವಲವಿಕೆಯಾಗಿತ್ತು. ಬಾಯಿಂದ ಬಾಯಿಗೆ ಹೋಗುತ್ತಾ ನಿಧಾನವಾಯಿತು. ಹೀಗಿರುವಲ್ಲಿ ಗಿಟಾರನ್ನು ದೇವಾಲಯದ ಬಾಗಲಲ್ಲಿ ನಿಲ್ಲಿಸಿ, ನೀನು ಹೊಸಬನು, ಹೊರಗಿರು ಎಂದು ಹೇಳುವದು ಹೇಗೆ?

ಹಳೆಯದಕ್ಕೆ ಹೊಸದನ್ನು ಕೂಡಿಸುವದು ಪರದೇಶದ ಚಾಳಿಯೂ ಅಲ್ಲ. ನಮ್ಮ ಸೀಮೆಯ ಗೀಗೀ ಮೇಳದವರು ದಪ್ಪು ತುಂತುಣಿಗಳನ್ನು ಹಿಡಿದು ತಲೆತಲಾಂತರದಿಂದ ಇದನ್ನೇ ಮಾಡುತ್ತಾ ಬಂದಿದ್ದಾರೆ. ೧೮೨೪ರಲ್ಲಿ ಕಿತ್ತೂರಿನ ಕಾಳಗ ನಡೆದಾಗಲೂ, ೧೮೩೧ರಲ್ಲಿ ಸಂಗೊಳ್ಳಿಯ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದಾಗಲೂ ಆ ಸುದ್ದಿಯು ಅಂದಿನ ಹೊಸ ಸುದ್ದಿಯೇ. ಹಾಡುವವರು ಅದನ್ನು ಬಲ್ಲ ಮಟ್ಟುಗಳಿಗೆ ಕೂಡಿಸಿದರು. ಸ್ವಾತಂತ್ರ್ಯದ ಚಳವಳಿಯ ಕಾಲದಲ್ಲಿ ರಾಮದುರ್ಗ ಸೀಮೆಯ ಹುಲಕುಂದದ ಕವಿಗಳು ದೇಶದ ಸಂಗತಿಗಳನ್ನು ಲಾವಣಿಗಳಾಗಿ ಕಟ್ಟಿದರು. ಮಟ್ಟು ಹಳೇದು, ಮಾತು ಹೊಸದು. ಇದನ್ನು ಯಾರೂ ಕಳವೆಂದು ಕರೆಯಲಿಲ್ಲ.

ಹಾಗಾದರೆ ಯೌವನಸ್ಥರು ಹೇಳುವದೇ ಸರಿಯೋ? ಅವರು ಹೇಳುವದೇನಂದರೆ, ಹಾಡು ಗಾಳಿಯ ಹಾಗೆ, ಅದಕ್ಕೆ ಒಡೆಯರಿಲ್ಲ. ಕೇಳುವವರಿಗೆ ಸಂತೋಷವಾದರೆ ಸಾಕು, ಹೇಗೆ ಬೇಕಾದರೂ ಹಾಡಬಹುದು. ಇದನ್ನೂ ನಾವು ಒಪ್ಪಲಾರೆವು. ಒಡೆಯನು ಕಣ್ಣಿಗೆ ಕಾಣದಿದ್ದ ಮಾತ್ರಕ್ಕೆ ಸೊತ್ತು ನಮ್ಮದಾಗುವದಿಲ್ಲ.

ನಮ್ಮ ಎರೆಯ ಹೊಲದ ಒಕ್ಕಲಿಗನಿಗೆ ಬೀಜದ ಜೋಳದ ಮರ್ಮ ತಿಳಿದಿದೆ. ಬೀಜಕ್ಕೆಂದು ಆರಿಸಿ ಇಟ್ಟ ಜೋಳವನ್ನು ಹಸಿವೆಯ ತಿಂಗಳಲ್ಲಿ ಬೀಸಿ ರೊಟ್ಟಿ ಮಾಡಿದರೆ ಮುಂದಿನ ವರುಷ ಹೊಲ ಬೀಳಾಗುವದು. ಹಾಗಲ್ಲದೆ, ಇದು ಅಪ್ಪನು ಇಟ್ಟ ಜೋಳ, ಮುಟ್ಟಬಾರದು ಎಂದು ಅದನ್ನು ಹಗೇವಿನಲ್ಲಿಯೇ ವರುಷಾನುವರುಷ ಬಿಟ್ಟರೆ ಮುಗ್ಗು ಹಿಡಿದು ಮೊಳೆಯುವ ಶಕ್ತಿಯನ್ನು ಕಳಕೊಳ್ಳುವದು. ತಿಂದವನೂ ಕೆಡಿಸಿದನು, ಮುಟ್ಟದವನೂ ಕೆಡಿಸಿದನು. ಬಿತ್ತಿದವನು ಮಾತ್ರ ಉಳಿಸಿದನು. ಮತ್ತು ಬಿತ್ತಿದ ಮೇಲೆ ಬಂದ ತೆನೆಯು ಆ ಹಳೆಯ ಕಾಳೇ ಅಲ್ಲ, ಆದರೂ ಅದೇ ಜಾತಿಯ ಜೋಳ. ಹಳೆಯ ಹಾಡು ನಮ್ಮ ಕೈಗೆ ಬಂದದ್ದು ಇಂಥ ಬೀಜದ ಜೋಳವಾಗಿಯೇ. ಹಾಡುವವನು ಒಡೆಯನಲ್ಲ, ಬರೇ ಕಾವಲುಗಾರನೂ ಅಲ್ಲ; ಅವನು ಮನೆವಾರ್ತೆಯವನು. ಮನೆವಾರ್ತೆಯವನು ಸೊತ್ತನ್ನು ಬಳಸಬಹುದು, ಬೆಳೆಸಬಹುದು. ಲೆಕ್ಕವನ್ನು ಮಾತ್ರ ಒಪ್ಪಿಸಬೇಕು. ಆ ಲೆಕ್ಕ ಮೂರು ವಿಧವಾದದ್ದೆಂದು ನಮಗೆ ತೋರುತ್ತದೆ: ಕಟ್ಟಿದವರಿಗೆ, ಹಾಡಿನ ಮಾತಿಗೆ, ಕೇಳುವವರಿಗೆ.

ಮೊದಲನೆಯದು ಕಟ್ಟಿದವರಿಗೆ ಸಲ್ಲತಕ್ಕ ಲೆಕ್ಕ. ಮೇಲೆ ಹೇಳಿದ ಕ್ರಿಸ್ಮಸ್ ಗೀತವು ಊರಿಂದೂರಿಗೆ ಹೋಗುತ್ತಾ ಕಟ್ಟಿದವರ ಹೆಸರನ್ನು ಕಳಕೊಂಡಿತು. ಹಾಡುವ ಕುಟುಂಬಗಳು ಅದನ್ನು ತಿರೋಲ್ ಸೀಮೆಯ ಜನಪದವೆಂದು ಹೇಳಿ ಹಾಡಿದವು. ೧೮೫೪ರಲ್ಲಿ ಬರ್ಲಿನಿನ ಅರಮನೆಯ ಗಾಯಕರು, ಇದು ಪ್ರಖ್ಯಾತನಾದ ಮಿಖಾಯೆಲ್ ಹೈಡನನ ಕೃತಿಯೋ ಎಂದು ಸಾಲ್ಜ್‌ಬರ್ಗಿಗೆ ಬರೆದು ವಿಚಾರಿಸಿದರು. ಆಗ ಮೋರನು ಸತ್ತು ಆರು ವರುಷವಾಗಿತ್ತು. ಮುದುಕನಾಗಿದ್ದ ಗ್ರೂಬರನು ನಡೆದ ಸಂಗತಿಯನ್ನು ಕೈಯಾರೆ ಬರೆದು ಕೊಟ್ಟದ್ದರಿಂದ ಸತ್ಯವು ಉಳಿಯಿತು. ಅವನೂ ಸತ್ತಿದ್ದರೆ ಒಬ್ಬ ಬಡ ಪಾದ್ರಿಯ ಮತ್ತು ಹಳ್ಳಿಯ ಮಾಸ್ತರನ ಕೆಲಸವು ದೊಡ್ಡ ಹೆಸರಿನವನ ಲೆಕ್ಕಕ್ಕೆ ಸೇರಿಹೋಗುತ್ತಿತ್ತು. ಬಡವರ ಸೊತ್ತು ಹೀಗೆಯೇ ಕೈಬಿಡುತ್ತದೆ; ಬಲಾತ್ಕಾರದಿಂದಲ್ಲ, ಹೆಸರು ಹೇಳುವವರಿಲ್ಲದೆ.

ನಮ್ಮ ಪದಕಾರರು ಇದನ್ನು ಅರಿತೇ ಕೊನೆಯ ನುಡಿಯಲ್ಲಿ ಅಂಕಿತವನ್ನು ಇಟ್ಟರು. ಶಿಶುನಾಳದ ಶರೀಫ ಸಾಹೇಬರ (೧೮೧೯–೧೮೮೯) ಪದವನ್ನು ಹಾಡುವವನು ಹೊತ್ತು ಸಾಲದೆಂದು ಕೊನೆಯ ನುಡಿಯನ್ನು ಬಿಟ್ಟರೆ, ಕಾಗದವನ್ನು ಓದಿ ರುಜುವನ್ನು ಹರಿದು ಬಿಸಾಡಿದ ಹಾಗಾಯಿತು. ಬೀಸುಕಲ್ಲಿನ ಪದಕ್ಕೂ ಸೋಬಾನೆಗೂ ಅಂಕಿತವಿಲ್ಲ. ಆಗ ಏನು ಮಾಡಬೇಕು? ಯಾರ ಬಾಯಿಂದ ಕಲಿತೆವೋ ಅವರನ್ನೂ ಅವರ ಊರನ್ನೂ ಹೇಳಬೇಕು. ಇದಕ್ಕೆ ಅರ್ಧ ನಿಮಿಷವೂ ಬೇಡ.

ಎರಡನೆಯದು ಮಾತಿಗೆ ಸಲ್ಲತಕ್ಕ ಲೆಕ್ಕ. ಗಿಟಾರಿಗೆ ಆರು ತಂತಿಗಳು. ಅದರ ಕೊರಳಿನ ಮೇಲೆ ಅಡ್ಡವಾಗಿ ಲೋಹದ ಕಟ್ಟುಗಳಿರುವದರಿಂದ ಪ್ರತಿಯೊಂದು ಸ್ವರಕ್ಕೂ ಗೊತ್ತಾದ ಮನೆ ಉಂಟು. ಒಂದೇ ಬಾರಿಗೆ ಮೂರು ನಾಲ್ಕು ಸ್ವರಗಳನ್ನು ಗೊಂಚಲಾಗಿ ನುಡಿಸುವದು ಅದರ ಸ್ವಭಾವ. ನಮ್ಮ ಪದವಾದರೋ ಒಂದೇ ಎಳೆಯ ದಾರದ ಹಾಗೆ. ಸ್ವರದಿಂದ ಸ್ವರಕ್ಕೆ ಜಾರುತ್ತಾ, ಮಾತು ಭಾರವಾದಲ್ಲಿ ನಿಲ್ಲುತ್ತಾ ಹೋಗುವದು. ಇವೆರಡನ್ನು ಕೂಡಿಸುವಾಗ ಯಾವದಾದರೊಂದು ಬಗ್ಗಬೇಕು. ಗಿಟಾರಿನವನು ತನ್ನ ಗೊಂಚಲುಗಳ ಚೌಕಟ್ಟಿಗೆ ಹಾಡನ್ನು ಒತ್ತಿ ಹಿಡಿದರೆ ಮಾತು ಸಾಯುವದು. ತಾಳದ ಸದ್ದಿಗೆ ಕಾಲು ಕುಣಿಯುವದು, ಕಿವಿ ಮಾತ್ರ ಬರಿದಾಗಿ ಮನೆಗೆ ಹೋಗುವದು. ಅವನು ತಂಬೂರಿಯವನ ಹಾಗೆ ಎರಡು ತಂತಿಗಳನ್ನು ಮೆಲ್ಲಗೆ ಮೀಟಿ, ಹಾಡುವವನ ಉಸಿರಿಗೆ ಎಡೆ ಬಿಟ್ಟರೆ, ಅದೇ ಗಿಟಾರು ಮಾತನ್ನು ಹೊತ್ತು ನಡೆಯುವದು.

ಶರೀಫರ ಪದಗಳ ಇತಿಹಾಸವೇ ಇದಕ್ಕೆ ಸಾಕ್ಷಿ. ಏಕತಾರಿಯವರ ಬಾಯಲ್ಲಿ ಇದ್ದ ಅವುಗಳನ್ನು ಸಿ. ಅಶ್ವತ್ಥರು ಹೊಸ ಮೇಳದ ಸಂಗಡ ಹಾಡಿ ಕನ್ನಡ ನಾಡಿನ ಮನೆಮನೆಗೆ ಮುಟ್ಟಿಸಿದರು. ತರುವಾಯ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಗಿಟಾರನ್ನು ತಾವೇ ಕಲಿತು ಶರೀಫರ ಪದಗಳನ್ನು ಅದರ ಮೇಲೆ ಹಾಡಿದರು; ೨೦೦೮ರಲ್ಲಿ ಹೊರಟ ಅವರ ಮೊದಲನೆಯ ಧ್ವನಿಮುದ್ರಿಕೆಯಲ್ಲಿ, ಸೋರುವ ಮನೆಯ ಮಾಳಿಗೆಯ ಪದವೂ ಗುಡುಗುಡಿಯ ಪದವೂ ಅವೆ. ೨೦೧೧ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯ ದೊಡ್ಡ ಸಂಗೀತೋತ್ಸವದಲ್ಲಿ ಅವರು ಹಾಡಿದರು. ಕನ್ನಡವನ್ನೇ ಅರಿಯದ ಜನರ ಮುಂದೆ ಶಿಶುನಾಳದ ಕವಿಯನ್ನು ಹಾಡಿದ ಗಾಯಕರು ಇವರು. ಆದರೆ ಆ ಪದದಲ್ಲಿ ಸೋರುವ ಮನೆಯು ನಮ್ಮ ದೇಹವೂ ಮನಸ್ಸೂ ಎಂಬದನ್ನು ಅರಿತು ಕೇಳುವ ಭಾರವು ಕನ್ನಡ ಬಲ್ಲ ನಮ್ಮ ಮೇಲೆಯೇ ಇದೆ. ಗಿಟಾರಿನ ನೆವದಿಂದ ಮಗನು ಆ ಪದವನ್ನು ಕೇಳಿದ್ದರೆ, ಅದರ ಅರ್ಥವನ್ನು ಹೇಳಿಕೊಡುವದು ತಂದೆಯ ಸರತಿ. ತಂದೆ ಬರೇ ಗೊಣಗಿದರೆ ಮಾತಿನ ಲೆಕ್ಕದಲ್ಲಿ ಸಾಲಗಾರನಾಗುವವನು ಮಗನಲ್ಲ, ತಂದೆ.

ಇಬ್ಬರೇ ಕೂಡಿ ಹಾಡುವ ಕೂಟವು ಈ ಲೆಕ್ಕವನ್ನು ಒಪ್ಪಿಸುವದಕ್ಕೆ ವಿಶೇಷವಾಗಿ ತಕ್ಕದ್ದು. ದೊಡ್ಡ ಮೇಳದಲ್ಲಿ ಒಬ್ಬನ ತಪ್ಪು ಹತ್ತು ಮಂದಿಯ ಸದ್ದಿನಲ್ಲಿ ಅಡಗುವದು. ಇಬ್ಬರಲ್ಲಿ ಅಡಗುವದಕ್ಕೆ ಸ್ಥಳವಿಲ್ಲ. ಇಂಗ್ಲೆಂಡಿನಲ್ಲಿ ಪೀಟರ್ ಪಿಯರ್ಸ್ (೧೯೧೦–೧೯೮೬) ಎಂಬ ಗಾಯಕನೂ ಜೂಲಿಯನ್ ಬ್ರೀಮ್ (೧೯೩೩–೨೦೨೦) ಎಂಬ ವಾದಕನೂ ಹೀಗೆ ಜೊತೆಯಾಗಿ ಬಹು ವರುಷ ಹಾಡಿದರು. ಜಾನ್ ಡೌಲಂಡ್ ಎಂಬವನು ೧೫೯೭ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಂಥ ಹಳೆಯ ಸಂಗ್ರಹಗಳಿಂದ ಹಾಡುಗಳನ್ನು ಆರಿಸಿಕೊಂಡು, ಅವುಗಳಿಗೆ ಆ ಕಾಲದ ಲ್ಯೂಟ್ ಎಂಬ ತಂತಿವಾದ್ಯವನ್ನೇ ಬ್ರೀಮನು ನುಡಿಸುತ್ತಿದ್ದನು. ಹೊಸ ಹಾಡುಗಳಿಗೆ ಗಿಟಾರನ್ನು ತಕ್ಕೊಳ್ಳುತ್ತಿದ್ದನು. ಬೆಂಜಮಿನ್ ಬ್ರಿಟನನು ೧೯೫೭ರಲ್ಲಿ ಚೀನಾ ದೇಶದ ಪ್ರಾಚೀನ ಪದ್ಯಗಳ ಇಂಗ್ಲಿಷ್ ರೂಪಕ್ಕೆ ರಾಗ ಕೂಡಿಸಿ ಆರು ಹಾಡುಗಳನ್ನು ಈ ಇಬ್ಬರಿಗೋಸ್ಕರವೇ ಮಾಡಿದನು. ೧೯೬೩ರಲ್ಲಿ ಅವನೇ ಬ್ರೀಮನ ಗಿಟಾರಿಗಾಗಿ ಡೌಲಂಡನ ಒಂದು ಹಾಡಿನ ಮೇಲೆ ಇನ್ನೊಂದು ಕೃತಿಯನ್ನು ಕಟ್ಟಿದನು. ಅದರಲ್ಲಿ ಹೊಸ ವಿಸ್ತಾರಗಳೆಲ್ಲಾ ಮೊದಲು ಬರುವವು. ಮೂಲದ ಹಳೆಯ ರಾಗವು ಕಡೆಗೆ ಕೇಳಿಬರುವದು. ಆ ಕೃತಿಯ ಹೆಸರಿನಲ್ಲಿಯೇ ಡೌಲಂಡನ ಹೆಸರು ಸೇರಿದೆ. ಹಳೆಯದನ್ನು ಹಳೆಯದೆಂದು, ಹೊಸದನ್ನು ಹೊಸದೆಂದು ತೋರಿಸಿದರು. ಒಂದನ್ನು ಇನ್ನೊಂದರ ವೇಷದಲ್ಲಿ ಮಾರಲಿಲ್ಲ. ಇದು ಪ್ರಾಮಾಣಿಕತೆಯ ಒಂದು ಮಾದರಿಯೆಂದು ನಾವು ಎಣಿಸುತ್ತೇವೆ.

ಮೂರನೆಯದು ಕೇಳುವವರಿಗೆ ಸಲ್ಲತಕ್ಕ ಲೆಕ್ಕ. ಇದು ಎಲ್ಲಕ್ಕಿಂತ ಕಠಿಣವಾದದ್ದು. ನಮ್ಮ ಸೀಮೆಯಲ್ಲಿಯಂತೂ ಇದನ್ನು ಮರೆತು ಮಾತಾಡಬಾರದು. ಸವದತ್ತಿಯ ಗುಡ್ಡದ ಸುತ್ತಲೂ ಚೌಡಿಕೆಯ ಪದಗಳು ಕೇಳಿಬರುತ್ತವೆ. ಮರದ ಕೊಳವಿಯ ಅಡಿಗೆ ಚರ್ಮವನ್ನು ಬಿಗಿದು, ಒಂದೇ ತಂತಿಯನ್ನು ಕಟ್ಟಿ, ಕಂಕುಳಲ್ಲಿ ಹಿಡಿದು ಮೀಟುವ ವಾದ್ಯವದು. ಅದರ ನಾದವು ಎದೆಗೆ ನಾಟುವಂಥದ್ದು, ಅದರ ಕಥನದ ಶಕ್ತಿ ದೊಡ್ಡದು. ಹೊಸ ಕಾಲದ ಜೋಡಿಯೊಂದು ಅದನ್ನು ಗಿಟಾರಿನ ಸಂಗಡ ಕೂಡಿಸಬೇಕೆಂದು ಆಶೆಪಟ್ಟರೆ ಆಶ್ಚರ್ಯವಿಲ್ಲ. ಆದರೆ ನಮ್ಮ ಓಣಿಗಳಲ್ಲಿ ಎಷ್ಟೋ ತಾಯಂದಿರಿಗೆ ಆ ನಾದವು ಬರೇ ನಾದವಲ್ಲ. ಮುತ್ತು ಕಟ್ಟಿಸಿಕೊಂಡು ಬಾಳು ಕಳಕೊಂಡ ಅಕ್ಕನ ನೆನಪು ಅದರಲ್ಲಿದೆ. ಈ ಅನ್ಯಾಯವನ್ನು ತಡೆಯುವದಕ್ಕೆ ಮುಂಬಯಿ ಪ್ರಾಂತದಲ್ಲಿ ೧೯೩೪ರಲ್ಲಿಯೂ, ಕರ್ನಾಟಕದಲ್ಲಿ ೧೯೮೨ರಲ್ಲಿಯೂ ಕಾಯಿದೆಗಳನ್ನು ಮಾಡಬೇಕಾಯಿತು. ಕಾಯಿದೆಯಿಂದ ಮುತ್ತು ಕಟ್ಟುವದನ್ನು ನಿಷೇಧಿಸಬಹುದು. ಕಿವಿಯ ನೆನಪನ್ನು ಅಳಿಸಲಾಗದು.

ಹಾಗಾದರೆ ಆ ವಾದ್ಯವು ಪಾಪಿಯೋ? ಮರವೂ ಚರ್ಮವೂ ತಂತಿಯೂ ಯಾವ ಪಾಪವನ್ನು ಮಾಡಿಯಾವು? ಆ ಪದಗಳನ್ನು ಕಟ್ಟಿ ಹಾಡಿದವರಲ್ಲಿ ಬಹು ಮಂದಿ ತಾವೇ ಅನ್ಯಾಯಕ್ಕೆ ಒಳಗಾದ ಹೆಂಗಸರು. ಹಾಡೊಂದೇ ಅವರ ಕೈಯಲ್ಲಿ ಉಳಿದ ಸೊತ್ತು. ಅದನ್ನು ಸುಟ್ಟುಬಿಡಿರಿ ಎಂದು ಹೇಳುವ ಅಧಿಕಾರ ನಮಗಿಲ್ಲ. ಅದನ್ನು ವೇದಿಕೆಯ ಮೇಲೆ ವಿನೋದಕ್ಕಾಗಿ ಹಾಡಿರಿ ಎಂದು ಹೇಳುವ ಅಧಿಕಾರವೂ ನಮಗಿಲ್ಲ. ಆ ಅಧಿಕಾರ ನೊಂದವರದು. ಅವರನ್ನು ಮೊದಲು ಕೇಳಬೇಕು. ಅವರು ಬೇಡವೆಂದರೆ ಹಾಡು ಎಷ್ಟು ಚಂದವಾಗಿದ್ದರೂ ಬಾಯಿ ಮುಚ್ಚಬೇಕು. ಹಾಡಿರಿ, ನಮ್ಮ ಕಥೆ ಲೋಕಕ್ಕೆ ತಿಳಿಯಲಿ ಎಂದರೆ ತಲೆ ಬಾಗಿಸಿ ಹಾಡಬೇಕು, ಅದರ ಉತ್ಪನ್ನದಲ್ಲಿ ಅವರಿಗೆ ಪಾಲು ಕೊಡಬೇಕು. ಹಾಗೆಯೇ ಒಂದು ಜಾತಿಯನ್ನು ಹೀಯಾಳಿಸುವ, ಸೊಸೆಯನ್ನು ಹಂಗಿಸುವ ಹಳೆಯ ಪದಗಳೂ ಉಂಟು. ಹಳೆಯವೆಂಬ ಕಾರಣದಿಂದ ಅವು ಮಾನ್ಯವಾಗವು. ಬೀಜದಲ್ಲಿ ಜೊಳ್ಳೂ ಇರುವದು. ಬಿತ್ತುವ ಮುಂಚೆ ಕೇರುವದು ಒಕ್ಕಲಿಗನ ಧರ್ಮ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ನಮ್ಮ ಪೂರ್ವಜರು ಹೊಸ ಮಾರ್ಗಕ್ಕೆ ಬಂದಾಗ ಕೆಲವು ಹಾಡುಗಳನ್ನು ಮನಃಪೂರ್ವಕವಾಗಿ ಬಿಟ್ಟರು. ಅದು ಅವರ ಮನಸ್ಸಾಕ್ಷಿಯ ಕೆಲಸ, ಅದನ್ನು ನಾವು ಗೌರವಿಸುತ್ತೇವೆ. ಆದರೆ ಬಿಡಬೇಕಾದವುಗಳ ಸಂಗಡ ಬಿಡಬೇಕಾಗಿಲ್ಲದ ಎಷ್ಟೋ ಪದಗಳು ಹೋದವು. ಜೋಳ ಬೀಸುವಾಗ ತವರನ್ನು ನೆನಸುವ ಪದದಲ್ಲಿ, ಕೂಸನ್ನು ತೂಗುವ ಪದದಲ್ಲಿ, ಸುಗ್ಗಿಯ ಪದದಲ್ಲಿ ಯಾವ ದೋಷವಿತ್ತು? ಮಿಶನರಿಗಳಲ್ಲಿಯೂ ದೂರದೃಷ್ಟಿಯವರು ಹೀಗೆ ಎಣಿಸಲಿಲ್ಲ. ಹೆರ್ಮನ್ ಮೋಗ್ಲಿಂಗರು ೧೮೫೦ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ತಮ್ಮ ಮತದ ಪದಗಳಲ್ಲವೆಂದು ಅವುಗಳನ್ನು ಕಸಕ್ಕೆ ಹಾಕಲಿಲ್ಲ. ಧಾರವಾಡದಲ್ಲಿ ಕನ್ನಡ ಕಲಿತ ಫರ್ಡಿನಂಡ್ ಕಿಟ್ಟೆಲರು ೧೮೬೨ರಲ್ಲಿ ‘ಕಥಾಮಾಲೆ’ ಎಂಬ ಗ್ರಂಥದಲ್ಲಿ ಯೇಸುವಿನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿಯೇ ಹಾಡಿದರು. ಹೊಸ ಸಂಗತಿಗೆ ಹಳೆಯ ಮಟ್ಟು ಸಾಲದೆಂದು ಅವರಿಗೆ ತೋರಲಿಲ್ಲ. ಜರ್ಮನಿಯ ಸಭೆಗಳಲ್ಲಿಯಾದರೂ ಕರ್ತನ ಶ್ರಮೆಯ ಕಾಲದಲ್ಲಿ ಹಾಡುವ ಅತಿ ಗಂಭೀರವಾದ ರಾಗವು ೧೬೦೧ರಲ್ಲಿ ಹಾಸ್ಲರ್ ಎಂಬವನು ಕಟ್ಟಿದ ಒಂದು ಪ್ರೇಮಗೀತದ ರಾಗವೇ ಆಗಿದೆ.

ಆದದರಿಂದ ಪ್ರಿಯರೇ, ನಾವು ಮುಟ್ಟಿದ ತೀರ್ಮಾನವೇನಂದರೆ: ಹಳೆಯ ಹಾಡನ್ನು ಹೊಸ ತಂತಿಗೆ ಕೂಡಿಸುವದು ತನ್ನಲ್ಲಿ ತಾನೇ ಅನ್ಯಾಯವಲ್ಲ, ತನ್ನಲ್ಲಿ ತಾನೇ ಪುಣ್ಯವೂ ಅಲ್ಲ. ಲೆಕ್ಕ ಒಪ್ಪಿಸಿ ಹಾಡುವವನು ನ್ಯಾಯವಂತನು. ಒಪ್ಪಿಸದವನು ಏಕತಾರಿ ಹಿಡಿದಿದ್ದರೂ ಕಳ್ಳನೇ.

ಯೌವನಸ್ಥರಿಗೆ ನಮ್ಮ ಬಿನ್ನಹವಿದು. ಬರುವ ಕ್ರಿಸ್ಮಸಿಗೆ ಹಾಡುವದಕ್ಕೆ ಮೊಬಾಯಿಲಿನಲ್ಲಿ ಹುಡುಕುವ ಮೊದಲು ನಿಮ್ಮ ಓಣಿಯ ಹಿರಿಯ ಆಯಿಯ ಹತ್ತಿರ ಕೂತುಕೊಳ್ಳಿರಿ. ಅವಳ ಬಾಯಲ್ಲಿರುವ ಪದಗಳನ್ನು ಒಂದೂ ಅಕ್ಷರ ತಿದ್ದದೆ ಬರಕೊಳ್ಳಿರಿ; ಅವಳ ಹೆಸರನ್ನೂ ಅವಳು ಕಲಿತ ಊರನ್ನೂ ಕೆಳಗೆ ಬರೆಯಿರಿ; ಅವಳ ಧ್ವನಿಯನ್ನು ಅದೇ ಮೊಬಾಯಿಲಿನಲ್ಲಿ ಹಿಡಿದಿಡಿರಿ. ಗಿಟಾರನ್ನು ಆ ಮೇಲೆ ಶ್ರುತಿ ಮಾಡಿರಿ. ಹಾಡನ್ನು ಮೊದಲು ಅವಳ ಮುಂದೆಯೇ ಹಾಡಿರಿ. ಇದು ನನ್ನ ಪದವಲ್ಲ ಎಂದು ಅವಳು ಹೇಳಿದರೆ, ಎಲ್ಲಿ ಕೆಟ್ಟಿತೆಂದು ಕೇಳಿ ತಿದ್ದಿಕೊಳ್ಳಿರಿ.

ಹಿರಿಯರಿಗೂ ಒಂದು ಮಾತು. ಆ ಹುಡುಗನು ಗಿಟಾರು ಹಿಡಿದು ನಿಮ್ಮ ಬಾಗಲಿಗೆ ಬಂದರೆ ಅವನನ್ನು ಹಿಂದಕ್ಕೆ ಕಳುಹಿಸಬೇಡಿರಿ. ನಿಮ್ಮ ತಾಯಿ ನಿಮಗೆ ಕೊಟ್ಟದ್ದನ್ನು ತಕ್ಕೊಳ್ಳುವದಕ್ಕೆ ಬಂದವನು ಅವನೊಬ್ಬನೇ ಆಗಿರಬಹುದು. ಬೀಸುಕಲ್ಲುಗಳು ಅಂಗಳದ ಮೂಲೆ ಸೇರಿವೆ, ಗಿರಣಿಯ ಸದ್ದಿಗೆ ಯಾರೂ ಪದ ಹೇಳುವದಿಲ್ಲ. ಜಗಲಿಯ ಮೇಲೆ ಕೂಡ್ರಿಸಿ, ಅವನಿಗೆ ಮೊದಲನೆಯ ನುಡಿಯನ್ನು ಹೇಳಿಕೊಡಿರಿ.